ನಗು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ

ಟೈಲರಕ್ಕ ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು ಗಂಡನ ಯೂನಿಫಾರ್ಮ್ ಪ್ಯಾಂಟನ್ನು ಹಗ್ಗದ ಮೇಲೆ ಎಳೆದು ಹಾಕುತ್ತಿದ್ದಾಗ, ಬಾಲ್ಕನಿಯ ಕಂಬಿಗೆ ಒರಗಿಸಿಟ್ಟಿದ್ದ ಫೋನು ಹೇಳಿತು: "ಈಗ ನಗಿ."

ಗಂಡಸಿನ ದನಿ. ಫೋಟೋ ಸ್ಟುಡಿಯೋದವರ ಹಾಗೆ ಸಲಿಗೆಯ ದನಿ. ಟೈಲರಕ್ಕ ಅತ್ತಿತ್ತ ನೋಡಿ ಕ್ಲಿಪ್ಪುಗಳನ್ನು ಬಾಯಿಂದ ತೆಗೆದು, ತುಟಿ ಬಿಚ್ಚದೆ ಒಂದಿಷ್ಟು ನಕ್ಕಳು.

"ನಗು ಸಿಗಲಿಲ್ಲ. ಮತ್ತೆ ಪ್ರಯತ್ನಿಸಿ."

ಎಲ್ಲಿಂದ ಸಿಗಬೇಕು? ವರ್ಷಗಟ್ಟಲೆ ಹಲ್ಲಲ್ಲೇ ದಾರ ಕಡಿದು ಅವಳ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಬಿದ್ದಿತ್ತು. ಅದು ಕಾಣಬಾರದೆಂದು ಅವಳು ನಗುವುದನ್ನೇ ಬಿಟ್ಟಿದ್ದಳು. ನಗಲೇಬೇಕಾದ ಕಡೆ ಕೈ ಅಡ್ಡ ಹಿಡಿಯುತ್ತಿದ್ದಳು. ಕೈ ಅಡ್ಡ ಹಿಡಿದರೆ ಫೋನು ಒಪ್ಪುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಮೆಟ್ಟಿಲ ಕೆಳಗಿನ ಒಂದು ಖಾಲಿ ಕೋಣೆ. ಅಲ್ಲಿ ಸ್ವಂತದ ಹೊಲಿಗೆ ಮಷಿನ್ ಹಾಕಿಕೊಂಡರೆ, ಬಟ್ಟೆ ಅಂಗಡಿಯ ಹಿಂಬದಿಯಲ್ಲಿ ಕೂತು ಕಂಡವರ ಪ್ಯಾಂಟಿನ ಕಾಲು ಮೋಟು ಮಾಡುವುದು ತಪ್ಪುತ್ತಿತ್ತು. ನಾಳೆಯವರೆಗೆ ಕಾಯ್ತೀನಿ, ಆಮೇಲೆ ಬೇರೆಯವರಿಗೆ ಎಂದಿದ್ದರು ಕೋಣೆಯವರು. ನಿನ್ನೆ ಬ್ಯಾಂಕಿಗೆ ಹೋದರೆ ಅಲ್ಲಿನ ಗುಮಾಸ್ತ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, "ಸಾಲ ಬೇಕಾ ಅಮ್ಮಾ? ಮೊದಲು ನಿಮ್ಮ ಕ್ರೆಡಿಟ್ ಸ್ಕೋರ್ ನೋಡ್ಕೊಂಡು ಬನ್ನಿ, ಏಳುನೂರೈವತ್ತಾದ್ರೂ ಇರಬೇಕು. ಬಿಟ್ಟಿಯಾಗೇ ಸಿಗುತ್ತೆ, ಯಾರಿಗೂ ದುಡ್ಡು ಕೊಡಬೇಡಿ. ನೀವು ನೋಡ್ಕೊಂಡ್ರೆ ಅದೇನು ಸವೆಯಲ್ಲ," ಎಂದಿದ್ದ.

ಅವಳ ತವರಿನಲ್ಲಿ ಸಾಲ ಎಂಬ ಮಾತನ್ನು ಕೆಟ್ಟ ಕಾಯಿಲೆಯ ಹೆಸರಿನಂತೆ, ಬಾಗಿಲು ಮುಂದೆ ಮಾಡಿ ಆಡುತ್ತಿದ್ದರು. ಹಾಗಾಗಿ ಗಂಡನಿಗೂ ಹೇಳದೆ, ಕದ್ದು ನೋಡೋಣವೆಂದು ಹೊರಟಿದ್ದಳು. ಭಯವೇನೂ ಇರಲಿಲ್ಲ. ಅವಳು ಒಂದು ಸೂಜಿಯನ್ನೂ ಕಡ ತಂದವಳಲ್ಲ. ಆದರೆ ಸ್ಕೋರ್ ತೋರಿಸುವ ಫೋನಿನ ಆ್ಯಪಿನಲ್ಲಿ ಬಿಟ್ಟಿ ನೋಡುವವರು ತಾವೇ ಹೌದೆಂದು ಮುಖ ತೋರಿಸಬೇಕಿತ್ತು: ಎಡಕ್ಕೆ ತಿರುಗಬೇಕು, ಕಣ್ಣು ಮಿಟುಕಿಸಬೇಕು, ನಗಬೇಕು. ಚಂದಾ ಕಟ್ಟಿದವರಿಗೆ ಈ ಕಷ್ಟವಿಲ್ಲ ಎಂದು ಕೆಳಗೊಂದು ಹಳದಿ ಗುಂಡಿ ಮಿನುಗುತ್ತಿತ್ತು.

"ಇಲ್ಲದವರ ಹತ್ತಿರ ನಗು ಒಂದಾದ್ರೂ ಇರುತ್ತೆ ಅಂದ್ಕೊಂಡಿದಾರೆ," ಎಂದು ಗೊಣಗುತ್ತ ಅವಳು ಎಡಕ್ಕೆ ತಿರುಗಿ, ಕಣ್ಣು ಮಿಟುಕಿಸಿದಳು.

ಎಡಗಡೆ, ಎದುರು ಕಟ್ಟಡದ ಬಾಲ್ಕನಿಯಲ್ಲಿ, ನಾದಿನಿ ನಿಂತಿದ್ದಳು.

"ಏನತ್ತಿಗೆ, ಬೆಳಿಗ್ಗೆ ಬೆಳಿಗ್ಗೆ ಯಾರಿಗೆ ಕಣ್ಣು ಹೊಡೀತಿದೀರಿ?"

"ಕಣ್ಣಿಗೆ ಧೂಳು ಬಿತ್ತು."

"ಧೂಳು ಬಿದ್ರೆ ನಗು ಯಾಕೆ?"

ಟೈಲರಕ್ಕ ಫೋನನ್ನು ಒದ್ದೆ ಪ್ಯಾಂಟಿನ ಜೇಬಿಗೆ ತುರುಕಿ ಒಳಗೆ ಹೋದಳು. ಮತ್ತೆ ಹೊರಗೆ ಬಂದು ತೆಗೆದುಕೊಂಡಳು. ನಾದಿನಿ ಅಲ್ಲೇ ನಿಂತಿದ್ದಳು. ಕೆಳಗೆ ಬ್ಯೂಟಿ ಪಾರ್ಲರ್ ನಡೆಸುವ ನಾದಿನಿಗೆ ಯಾರ ಮುಖದಲ್ಲಿ ಏನು ಬದಲಾದರೂ ತನ್ನ ಕಸುಬಿಗೆ ಸೇರಿದ್ದೆಂಬ ಭಾವನೆ. ಅವಳ ಪಾರ್ಲರಿನಲ್ಲಿ ಗುಂಡಿ ಒತ್ತಿದರೆ ಮೇಲೆ ಕೆಳಗೆ ಹೋಗುವ ಹೊಸ ಕುರ್ಚಿಯೊಂದಿತ್ತು. "ಅಣ್ಣ ರಿಪೇರಿ ಮಾಡೋ ಲಿಫ್ಟಿಗಿಂತ ನಂದೇ ನೆಟ್ಟಗೆ ಓಡುತ್ತೆ," ಎಂದು ಎಲ್ಲರೆದುರು ಹೇಳುತ್ತಿದ್ದಳು. ಆ ಕುರ್ಚಿ ತರುವಾಗ ಟೈಲರಕ್ಕನೂ ಒಳ್ಳೆ ಬಟ್ಟೆ ಉಟ್ಟು ಜೊತೆಗೆ ಹೋಗಿ, ಸಾಕ್ಷಿಗೆಂದು ತೋರಿಸಿದ ಕಡೆ ಸಹಿ ಹಾಕಿ, ಕೊಟ್ಟ ಕಾಫಿ ಕುಡಿದು ಬಂದಿದ್ದಳು.

ಮಧ್ಯಾಹ್ನ ಅಂಗಡಿಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅವಳಿಗೊಂದು ಉಪಾಯ ಹೊಳೆಯಿತು. ಬಟ್ಟೆ ಹಾಕಿ ನೋಡುವ ಟ್ರಯಲ್ ರೂಮಿನಲ್ಲಿ ಕನ್ನಡಿ ಇತ್ತು, ಬೆಳಕಿತ್ತು, ಪರದೆ ಇತ್ತು. ಒಳಗೆ ಸೇರಿ ಪರದೆ ಎಳೆದು ಫೋನು ಮೇಲೆತ್ತಿದಳು.

"ಇನ್ನೂ ಸ್ವಲ್ಪ ಹತ್ತಿರ ಬನ್ನಿ," ಎಂದಿತು ಫೋನು.

ಬಂದಳು.

"ಕಣ್ಣು ಮಿಟುಕಿಸಿ. ಚೆನ್ನಾಗಿದೆ. ಈಗ ನಗಿ."

"ಮೆಲ್ಲಗೆ ಮಾತಾಡಪ್ಪ," ಎಂದಳು ಅವಳು, ಫೋನಿಗೆ ಕಿವಿ ಇದೆಯೆಂಬಂತೆ. "ಯಾರಾದ್ರೂ ಕೇಳಿಸ್ಕೊಂಡಾರು."

ಪರದೆ ಸರ್ರನೆ ಸರಿಯಿತು. ತನ್ನ ಗಂಡನ ಪ್ಯಾಂಟನ್ನು ಸೊಂಟದಲ್ಲಿ ಬಿಡಿಸಿಕೊಳ್ಳಲು ತಂದಿದ್ದ ಡಂಗುರದಕ್ಕ ಅಲ್ಲಿ ನಿಂತಿದ್ದಳು. ಅವಳ ನಿಜವಾದ ಹೆಸರನ್ನು ಕಟ್ಟಡದವರೆಲ್ಲ ಮರೆತಿದ್ದರು. ಅವಳ ಕಿವಿಗೆ ಬಿದ್ದದ್ದು ನಾಲ್ಕು ಮಹಡಿಯನ್ನೂ ಲಿಫ್ಟಿಲ್ಲದೆ ಹತ್ತುತ್ತಿತ್ತು.

"ಒಳಗೆ ಯಾರೂ ಇಲ್ಲ," ಎಂದಳು ಟೈಲರಕ್ಕ.

"ನಾನೇನಾದ್ರೂ ಕೇಳಿದ್ನಾ?" ಎಂದಳು ಡಂಗುರದಕ್ಕ, ಟ್ರಯಲ್ ರೂಮಿನ ಮೂಲೆ ಮೂಲೆ ನೋಡುತ್ತ. "ಪ್ಯಾಂಟಿಗೆ ಅವಸರ ಇಲ್ಲ ಬಿಡಿ. ನಂಗೊಂದಿಷ್ಟು ಕೆಲ್ಸ ಇದೆ."

ಆ ಕೆಲಸ ಏನೆಂದು ಟೈಲರಕ್ಕನಿಗೆ ಗೊತ್ತಿತ್ತು. ಅಂದು ಅವಳು ಹೊಲಿದದ್ದೆಲ್ಲ ವಕ್ರವಾಯಿತು. ಒಬ್ಬರ ಪ್ಯಾಂಟಿನ ಒಂದೇ ಕಾಲನ್ನು ಎರಡು ಸಲ ಮೋಟು ಮಾಡಿ ಬೈಸಿಕೊಂಡಳು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣವೆಂದರೆ ಸಾಲ ಎಂಬ ಮಾತನ್ನು ಬಾಯಿಗೆ ತರಬೇಕಾಗುತ್ತಿತ್ತು. ಹೇಳದಿದ್ದರೆ ಕಂಡ ಗಂಡಸಿಗೆ ಕಣ್ಣು ಹೊಡೆದವಳೆಂಬ ಹೆಸರು. ಯಾವ ನಾಚಿಕೆ ಸಣ್ಣದು ಎಂದು ತೂಗುತ್ತ ಮನೆ ಮುಟ್ಟಿದರೆ, ಗಂಡ ಆಗಲೇ ಬಂದಿದ್ದ. ಅವನ ಎರಡು ಕಡೆ ನಾದಿನಿ ಮತ್ತು ಡಂಗುರದಕ್ಕ, ತಕ್ಕಡಿಯ ತಟ್ಟೆಗಳ ಹಾಗೆ.

"ನಾನು ಏನೂ ಅನ್ನಲ್ಲ," ಎಂದ ಗಂಡ ನೆಲ ನೋಡುತ್ತ. "ಇವರೇ ಏನೋ ಅಂತಿದಾರೆ."

"ಅಣ್ಣ ಸಾಧು ಅಂತ ಹೀಗಾ ಅತ್ತಿಗೆ?" ಎಂದಳು ನಾದಿನಿ. "ನಮ್ಮ ಮನೆತನದಲ್ಲಿ ಕದ್ದು ಮುಚ್ಚಿ ಮಾಡೋದು ಅನ್ನೋದೇ ಇಲ್ಲ. ಫೋನ್ ತೋರಿಸಿ."

ಟೈಲರಕ್ಕನ ಕಿವಿ ಇಸ್ತ್ರಿ ಪೆಟ್ಟಿಗೆಯಷ್ಟು ಬಿಸಿಯಾಯಿತು. ಫೋನನ್ನು ಮೇಜಿನ ಮೇಲಿನ ನೀರಿನ ಜಗ್ಗಿಗೆ ಒರಗಿಸಿ ಎದುರು ಕೂತಳು. ನೋಡಲಿ, ಎಲ್ಲರೂ ನೋಡಲಿ.

"ನಮಸ್ಕಾರ. ಇನ್ನೂ ಸ್ವಲ್ಪ ಹತ್ತಿರ ಬನ್ನಿ."

"ಇವನೇ, ಇದೇ ದನಿ," ಎಂದು ಡಂಗುರದಕ್ಕ ಎದೆ ಹಿಡಿದುಕೊಂಡಳು.

ಗಂಡ ಎದ್ದು ಬಂದು ಫೋನಿನ ಮುಂದೆ ಬಗ್ಗಿದ. "ಯಾರಯ್ಯ ನೀನು?"

"ಮುಖ ಸರಿಯಾಗಿ ಕಾಣುತ್ತಿಲ್ಲ. ಕನ್ನಡಕ ತೆಗೆಯಿರಿ."

ಗಂಡ ಗಾಬರಿಯಾಗಿ ಕನ್ನಡಕ ತೆಗೆದುಬಿಟ್ಟ.

"ಎಡಕ್ಕೆ ತಿರುಗಿ."

ತಿರುಗಿದ. ಹದಿನೆಂಟು ವರ್ಷದಲ್ಲಿ ಅವಳು ಹೇಳಿದ ಒಂದು ಮಾತಿಗೂ ಅಷ್ಟು ಬೇಗ ತಿರುಗದವನು, ಫೋನಿನ ಮಾತಿಗೆ ಗಿರಕ್ಕನೆ ತಿರುಗಿದ್ದು ಕಂಡು ಟೈಲರಕ್ಕನಿಗೆ ತಡೆಯಲಾಗಲಿಲ್ಲ. ಕೈ ಅಡ್ಡ ಹಿಡಿಯುವುದು ಮರೆತು, ಹಲ್ಲಿನ ಕಚ್ಚು ಕಾಣುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಗುತ್ತಲೇ ಅವನನ್ನು ಪಕ್ಕಕ್ಕೆ ತಳ್ಳಿ ಕೂತು, ತಿರುಗು ಅಂದಲ್ಲಿ ತಿರುಗಿ ಕಣ್ಣು ಮಿಟುಕಿಸಿದಳು.

"ನಗು ಸಿಕ್ಕಿದೆ. ಧನ್ಯವಾದ."

ಫೋನಿನ ಪರದೆಯ ಮೇಲೆ ದೊಡ್ಡದಾಗಿ, ಕೆಂಪಗೆ ಮೂಡಿತು: ೫೦೮. ಅದರ ಕೆಳಗೆ ಸಣ್ಣ ಅಕ್ಷರಗಳು. ನಾದಿನಿ ಭುಜದ ಮೇಲಿಂದ ಬಗ್ಗಿದಳು. ಇಬ್ಬರೂ ಒಟ್ಟಿಗೇ ಓದಿದರು. ಪಾರ್ಲರ್ ಕುರ್ಚಿಯ ಸಾಲ. ಸಾಲಗಾರರ ಜಾಗದಲ್ಲಿ ನಾದಿನಿಯ ಹೆಸರು. ಜಾಮೀನು ನಿಂತವರ ಜಾಗದಲ್ಲಿ ಟೈಲರಕ್ಕನ ಹೆಸರು. ಕಂತು ಕಟ್ಟಿಲ್ಲ, ಕಂತು ಕಟ್ಟಿಲ್ಲ, ಕಂತು ಕಟ್ಟಿಲ್ಲ.

ಸಾಕ್ಷಿ ಎಂದಿದ್ದಳಲ್ಲ.

ನಾದಿನಿಯ ಹೆಬ್ಬೆರಳು ನಿಧಾನವಾಗಿ ಬಂದು ಸಣ್ಣ ಅಕ್ಷರಗಳ ಮೇಲೆ ಕೂತಿತು.

"ಅಯ್ಯೋ, ಇದಾ," ಎಂದಳು, ದನಿ ಸ್ವಲ್ಪ ಒಡೆದಿತ್ತು. "ಇದು ಆಟ ಅಣ್ಣಾ. ಫೋನಲ್ಲಿ ಆಡ್ತಾರಲ್ಲ, ಮುಖದ ಆಟ. ಸುಮ್ನೆ ಅತ್ತಿಗೆ ಮೇಲೆ ಇಲ್ಲದ್ದು ಹೊರಿಸಿದ್ರಲ್ಲ ನೀವು," ಎಂದು ಡಂಗುರದಕ್ಕನ ಕಡೆ ತಿರುಗಿದಳು.

"ನಾನಾ?" ಎಂದಳು ಡಂಗುರದಕ್ಕ.

ಗಂಡ ಕನ್ನಡಕ ಹಾಕಿಕೊಂಡು ಅಂಕ ನೋಡಿದ. "ಐನೂರ ಎಂಟಾ? ನಂಗೆ ಯಾವ ಪರೀಕ್ಷೆಲೂ ಇಷ್ಟು ಬಂದಿರ್ಲಿಲ್ಲ."

ಹೇಳಬಹುದಿತ್ತು. ಆ ಬೆರಳು ಎತ್ತಿದರೆ ಸಾಕಿತ್ತು. ಆದರೆ ಗಂಡನಿಗೆ, ನಿನಗೆ ತಿಳಿಸದೆ ಸಹಿ ಹಾಕಿದೆ ಎಂದೂ, ಓದದೆ ಹಾಕಿದೆ ಎಂದೂ, ಒಂದು ಕಾಫಿ ಕುಡಿದು ಬಂದೆ ಎಂದೂ ಹೇಳಬೇಕಾಗುತ್ತಿತ್ತು. ಟೈಲರಕ್ಕ ಆ ಬೆರಳನ್ನು ಹಾಗೇ ಬಿಟ್ಟಳು. ಡಂಗುರದಕ್ಕ ಆಗಲೇ ಮೆಟ್ಟಿಲಲ್ಲಿದ್ದಳು. "ನಮ್ಮ ಟೈಲರಕ್ಕಂಗೆ ಐನೂರ ಎಂಟು ಬಂದಿದೆಯಂತೆ," ಎಂಬ ಮಾತು ಮಹಡಿಯಿಂದ ಮಹಡಿಗೆ ಇಳಿದು, ಮೆಟ್ಟಿಲ ಕೆಳಗಿನ ಕೋಣೆಯವರಿಗೂ ತಲುಪಿತು. ಅವರು ಮೇಲೆ ಬಂದು ಶುಭಾಶಯ ಹೇಳಿ, "ನಾಳೆ ಮುಂಗಡ ತರ್ತೀರಲ್ಲ?" ಎಂದು ಕೇಳಿ ಹೋದರು.

"ಆ ನಗೂನ ಇಷ್ಟು ದಿನ ಎಲ್ಲಿಟ್ಟಿದ್ದೆ?" ಎಂದ ಗಂಡ, ಎಲ್ಲರೂ ಹೋದ ಮೇಲೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು, ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದಳು.

ಪ್ಯಾಂಟು ಒಣಗಿತ್ತು. ಎದುರು ಮನೆಯಲ್ಲಿ ನಾದಿನಿ ಕಿಟಕಿಯ ಪರದೆ ಎಳೆಯುತ್ತಿದ್ದವಳು ಇವಳನ್ನು ಕಂಡು ಅರ್ಧಕ್ಕೇ ನಿಂತಳು. ಫೋನು ಇನ್ನೂ ಏನೋ ಕೇಳುತ್ತಿತ್ತು: 'ಪ್ರತಿ ತಿಂಗಳೂ ಉಚಿತವಾಗಿ ಸ್ಕೋರ್ ಗಮನಿಸುತ್ತಿರಬೇಕೇ? ಪ್ರತಿ ಸಲವೂ ಮುಖ ತೋರಿಸಿ ನಗಬೇಕಾಗುತ್ತದೆ.'

ಟೈಲರಕ್ಕ 'ಹೌದು' ಒತ್ತಿದಳು. ಟ್ರಯಲ್ ರೂಮು ಬೇಡ, ಜಗ್ಗೂ ಬೇಡ. ಇಲ್ಲೇ, ಈ ಕಂಬಿಗೇ ಒರಗಿಸಿ ತಿಂಗಳ ಕಂತು ಕಟ್ಟಿದೆಯೋ ನೋಡುವುದು, ಆ ಕಿಟಕಿ ತೆರೆದಿರುವ ಹೊತ್ತಿಗೆ.

ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿ ಬಾಯಲ್ಲಿ ಕಚ್ಚಿಕೊಂಡು, ಅವಳು ಪ್ಯಾಂಟು ಮಡಿಸತೊಡಗಿದಳು.