ಬಣ್ಣ ಬಳಿದ ಬೋಲ್ಟು, ಜಗ್ಗಿದ ಹ್ಯಾಂಡ್‌ಬ್ರೇಕು

ಭಕ್ತಿ ಹೆಚ್ಚಾದರೆ ಕಾರು ಕೆಡುತ್ತದೆ ಎಂದರೆ ನೀವು ನನ್ನನ್ನು ನಾಸ್ತಿಕನೆಂದುಕೊಳ್ಳಬಹುದು. ಹಾಗೇನಿಲ್ಲ. ಸಂಖ ಎಂಬ ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಲೇ ಪ್ರತಿ ಖಂಡೇನವಮಿಗೆ ನನ್ನ ಹಳೆಯ ಕಾರಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುವವನು ನಾನು. ಈ ಸಲ ಹುರುಪು ಸ್ವಲ್ಪ ಮಿತಿಮೀರಿತು. ಸೀಟು ಬಿಚ್ಚಿ, ಒಳಗಿನ ತಗಡು, ಬೋಲ್ಟು ಎಲ್ಲಕ್ಕೂ ಬಣ್ಣ ಬಳಿದೆ. ಚಕ್ರದ ಸಂದಿಗೂ ಪೈಪು ಹಿಡಿದು ತೊಳೆದೆ. ಪೂಜೆಗೆ ನಿಂತ ಗಾಡಿ ಕದಲಬಾರದಲ್ಲವೇ, ಹ್ಯಾಂಡ್‌ಬ್ರೇಕನ್ನು ಮೈಯ ಬಲವೆಲ್ಲ ಹಾಕಿ ಜಗ್ಗಿದೆ. ಬನ್ನಿ ಹಂಚಿ ಮುಗಿದ ಮೇಲೂ ಸೋಮಾರಿತನದಿಂದ ಒಂದು ವಾರ ಹಾಗೆಯೇ ಬಿಟ್ಟೆ.

ಏಳು ತಿಂಗಳ ಬಸುರಿ ಮಗಳನ್ನು ಮರುದಿನ ಯಳವಿಯ ಗಂಡನ ಮನೆಯಿಂದ ತವರಿಗೆ ಕರೆತರಬೇಕೆಂದು ಕಾರು ಹೊರತೆಗೆದರೆ, ಅಳಿಯ ಸೀಟಿನಡಿ ಕೂರಿಸಿಕೊಟ್ಟಿದ್ದ ಆಂಪ್ಲಿಫೈಯರ್ ಹಾಡಿನ ಜೊತೆಗೆ ಕುಂಯ್ ಎನ್ನತೊಡಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ಕುಂಯ್ ಏರುತ್ತಿತ್ತು. ನಾನು ಹಾಡು ಬದಲಿಸಿ ನೋಡಿದೆ. ವಿಜ್ಞಾನದ ಮಾಸ್ತರನ ತಪಾಸಣೆ ಅಲ್ಲಿಗೆ ಮುಗಿಯಿತು. ಅದಾದರೂ ಇರಲಿ, ಬ್ರೇಕು ಮುಟ್ಟಿದರೆ ಹಿಂದಿನ ಒಂದು ಚಕ್ರ ಕಚ್ಚಿ ನಿಂತು ಕಾರು ಅಡ್ಡ ತಿರುಗುತ್ತಿತ್ತು.

“ಹಿಂಗ ಜೋಲಿ ಹೊಡಿಯೋ ಗಾಡ್ಯಾಗ ನನ್ನ ಮಗಳ್ನ ಕುಂದ್ರಸಂಗಿಲ್ಲ ನೋಡ್ರಿ,” ಎಂದಳು ಹೆಂಡತಿ. ಅದು ಬೈಗುಳವಲ್ಲ, ಹೆದರಿಕೆ. ನನಗೂ ಹೆದರಿಕೆಯಾಗಿತ್ತು.

ನಡೆಯುವಷ್ಟೇ ವೇಗದಲ್ಲಿ ಬೀರಪ್ಪನ ಗ್ಯಾರೇಜಿಗೆ ಒಯ್ದೆ. ಬೀರಪ್ಪ ಮೊದಲು ಕುರಿ ಕಾಯುತ್ತಿದ್ದವನು. ಪಾನಾ, ಸ್ಪ್ಯಾನರು ಹಿಡಿಯದೆ, ನನ್ನನ್ನು ಮಾತಾಡಿಸದೆ, ಕಾರು ಬಂದ ದಾರಿಯ ಮಣ್ಣು ನೋಡುತ್ತ ಹತ್ತು ಹೆಜ್ಜೆ ಹಿಂದಕ್ಕೆ ನಡೆದ.

“ಮೂರು ಗಾಲಿ ತಿರಗ್ಯಾವ್ರಿ ಮಾಸ್ತರ. ಎಡಗಡೀದು ಹಿಂದಿಂದು ಆಗಾಗ ನಿಂತು ಎಳಕೊಂಡು ಬಂದೈತಿ.”

ಕುಂಟುವ ಕುರಿಯನ್ನೂ ಅವನು ಹೀಗೆ ಹೆಜ್ಜೆ ನೋಡಿಯೇ ಹಿಡಿಯುತ್ತಿದ್ದನಂತೆ. ಆ ಚಕ್ರ ಬಿಚ್ಚಿದರೆ ಒಳಗೆಲ್ಲ ಕೆಂಪು ತುಕ್ಕು.

“ತೊಳದು ಒಣಗಸ್ಲಾರದ ಹ್ಯಾಂಡ್‌ಬ್ರೇಕ್ ಜಗ್ಗಿ ಇಟ್ಟೀರಿ. ಬಣ್ಣಾನೂ ನೀವ ಬಳದೀರೇನ್ರಿ?”

ಹೌದೆಂದೆ. ತುಕ್ಕು ತಿಕ್ಕಿ, ಬ್ರೇಕು ಸರಿಪಡಿಸಿ, ಸೀಟು ಎತ್ತಿದ. ಬಣ್ಣ ಬಳಿಯಲು ನಾನು ಕಳಚಿ ಮತ್ತೆ ಬಿಗಿದಿದ್ದ ಆಂಪ್ಲಿಫೈಯರಿನ ಅರ್ಥಿಂಗ್ ತಂತಿ ತಗಡಿಗೆ ತಾಗದೆ ಬಣ್ಣದ ಮೇಲೆ ಕೂತಿತ್ತು. ಚಾಕುವಿನಿಂದ ಕೆರೆದು, ತಗಡು ಹೊಳೆದ ಮೇಲೆ ಬೋಲ್ಟು ಬಿಗಿದ. ಕುಂಯ್ ನಿಂತುಹೋಯಿತು. ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲವೆಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವನು ನಾನೇ. ಇಷ್ಟು ವರ್ಷ ಪಾಠ ಮಾಡಿದ್ದೆನೇ ಹೊರತು ವಿಜ್ಞಾನವನ್ನು ಕಣ್ಣಾರೆ ಕಂಡಿರಲಿಲ್ಲವೇನೋ ಅನ್ನಿಸಿತು.

“ಮುಂದಿನ ಸಲ ಗಾಲಿಗೊಂದು ಕಲ್ಲ ಇಡ್ರಿ, ಸಾಕು,” ಎಂದ.

ಮರುದಿನ ಹೆಂಡತಿಯೊಡನೆ ಯಳವಿಗೆ ಹೋಗಿ, ಮಗಳನ್ನು ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂರಿಸಿಕೊಂಡು ಹೊರಟೆ. ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತು. ಬ್ರೇಕು ಒತ್ತಿದೆ. ಕಾರು ನೆಟ್ಟಗೆ, ಮೆತ್ತಗೆ ನಿಂತಿತು.

“ಅಪ್ಪಾ, ಗಾಡಿ ಭಾಳ ಚಲೋ ಆಗೈತಿ. ಏನ್ ಕೆಟ್ಟಿತ್ತಂತ?” ಎಂದಳು ಮಗಳು.

ಕನ್ನಡಿಯಲ್ಲಿ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಬೀರಪ್ಪನ ಕೈಗುಣ, ಹಾಡು ಈಗ ಎಷ್ಟು ಏರಿಸಿದರೂ ಸ್ವಚ್ಛ. ಮಗಳ ಪ್ರಶ್ನೆ ಮುಳುಗುವಂತೆ ಪೂರ್ತಿ ಏರಿಸಿದೆ.