ಗೋಡೌನಮ್ಮನ ನಿಲುವಂಗಿ

ನನ್ನ ಕೈಗೆ ಒಪ್ಪಿಸಿದ ಸಾಮಾನು ಹಾಳಾಯಿತು ಎಂದು ಹೇಳುವ ಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ರೈಲ್ವೆ ಸ್ಟೇಷನ್ನಿನ ಸಾಮಾನು ಕೋಣೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು ನಾನು. ನೂರಾ ಇಪ್ಪತ್ತು ಗೂಟ, ಅರವತ್ತು ಕಪಾಟು, ಒಂದು ಡಬ್ಬಿ ತುಂಬ ಹಿತ್ತಾಳೆ ಬಿಲ್ಲೆ, ಇಷ್ಟು ನನ್ನ ಸಾಮ್ರಾಜ್ಯ. ಓದು ಬರಹ ಅಷ್ಟಕ್ಕಷ್ಟೇ. ಆದರೆ ಯಾವ ಟ್ರಂಕು ಯಾರದು ಎಂದು ಟ್ರಂಕಿನ ಮುಖ ನೋಡಿಯೇ ಹೇಳುತ್ತಿದ್ದೆ. ಬಿಲ್ಲೆ ತೋರಿಸದಿದ್ದರೆ ಸ್ಟೇಷನ್ ಮಾಸ್ತರರಿಗೂ ಅವರ ಕೊಡೆ ಕೊಡುತ್ತಿರಲಿಲ್ಲ. "ಇವಳು ಜಗಳಕ್ಕೂ ಬಿಲ್ಲೆ ಕಟ್ಟಿ ಇಡ್ತಾಳೆ. ಹತ್ತು ವರ್ಷ ಆದ್ಮೇಲೆ ಕೇಳಿದ್ರೂ ಅದೇ ಜಗಳ ಧೂಳು ಒರೆಸಿ ತೆಗೆದು ಕೊಡ್ತಾಳೆ" ಎಂದು ತೀರಿಹೋದ ನಮ್ಮ ಯಜಮಾನರು ಹೇಳುತ್ತಿದ್ದರು.

ಅಂಥ ನನ್ನನ್ನು ಸೊಸೆಯ ನಿಲುವಂಗಿಯೊಂದು ನೆಲಕ್ಕೆ ಕೆಡವಿತು.

ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಮನೆಗೆ ಬಂದರೆ ಕಂಪ್ಯೂಟರಿನ ಮುಂದೆ ಆನ್‌ಲೈನ್ ಆಟ. ಬೇರೆ ಬೇರೆ ಮನೆಗಳಲ್ಲಿ ಕೂತ ಐದು ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೇ ಕಾಡಿನಲ್ಲಿ ರಾಕ್ಷಸರನ್ನು ಕೊಲ್ಲುತ್ತಾರೆ. ಅಲ್ಲಿ ನನ್ನ ಸೊಸೆ ಆರಡಿ ಎತ್ತರದ ಕತ್ತಿವೀರೆ. ಮನೆಯಲ್ಲಿ ಜಿರಳೆ ಕಂಡರೆ ಮಂಚ ಹತ್ತುವವಳು!

ಒಂದು ದಿನ ಅವಳು ನನ್ನ ಪಕ್ಕ ಬಂದು ಕೂತು ರಾಗ ತೆಗೆದಳು.

"ಅತ್ತೇ, ಒಂದು ಸಹಾಯ ಮಾಡ್ತೀರಾ? ನನ್ನ ವೀರೆಯ ಚೀಲದಲ್ಲಿ ನಲವತ್ತೇ ಸಾಮಾನು ಹಿಡಿಯೋದು. ಅದಕ್ಕೇ ಸಾಮಾನು ಇಡೋಕೆ ಅಂತಾನೇ ಇನ್ನೊಂದು ಪಾತ್ರ ಮಾಡಿದೀನಿ. ಸಂತೆ ಹತ್ರ ಸುಮ್ನೆ ನಿಂತಿರ್ತಾಳೆ. ಹಗಲು ನಮ್ಮ ಗುಂಪಿನವರು ಬಂದು ಸಾಮಾನು ಕೊಡ್ತಾರೆ, ಬದಲಿಗೆ ಬೇರೆ ಏನಾದ್ರೂ ಒಯ್ತಾರೆ. ನಾನು ಅಂಗಡೀಲಿರ್ತೀನಿ. ನೀವು ನೋಡ್ಕೋಬೇಕು."

"ಅವಳು ಯುದ್ಧ ಮಾಡಲ್ವಾ?"

"ಇಲ್ಲ ಅತ್ತೆ. ಬರೀ ಸಾಮಾನು ಕಾಯ್ತಾಳೆ."

"ಅಂದ್ರೆ ನಾನೇ!" ಎಂದೆ.

ಮಗನ ಹಳೇ ಲ್ಯಾಪ್‌ಟಾಪಿನಲ್ಲಿ ಆ ಹೆಂಗಸನ್ನು ತೋರಿಸಿದಳು. ಗಿಡ್ಡ ಆಸಾಮಿ, ಬರಿಗಾಲು, ಗೋಣಿತಾಟಿನ ಅಂಗಿ. ಗುಂಪಿನವರು ಅವಳನ್ನು ಗೋಡೌನಮ್ಮ ಎಂದು ಕರೆಯುತ್ತಿದ್ದರು. ಅವಳ ಚೀಲ ತೆರೆದು ನೋಡಿದೆ, ನನ್ನ ಎದೆ ಒಡೆದುಹೋಯಿತು. ಔಷಧಿ ಸೀಸೆಯ ಪಕ್ಕ ಮೊಸಳೆ ಚರ್ಮ, ಅದರ ಪಕ್ಕ ಒಂದು ಚಪ್ಪಲಿ! ಮೂರೇ ದಿನದಲ್ಲಿ ಚರ್ಮದ ಸಾಲು, ಸೀಸೆಯ ಸಾಲು, ಕಬ್ಬಿಣದ ಸಾಲು ಎಂದು ಜೋಡಿಸಿ, ಎರಡನೆಯ ಚಪ್ಪಲಿಯನ್ನೂ ಪತ್ತೆಹಚ್ಚಿದೆ.

ಗುಂಪಿನ ನಾಯಕರು ಒಬ್ಬ ಹಲ್ಲು ಡಾಕ್ಟರು. ರೋಗಿಗಳಿಲ್ಲದ ಹೊತ್ತಿನಲ್ಲಿ ಕ್ಲಿನಿಕ್ಕಿನಿಂದಲೇ ಆಟಕ್ಕೆ ಬರುತ್ತಿದ್ದರು. ಮೊದಲ ವಾರವೇ ಹೆಡ್‌ಫೋನಿನಲ್ಲೇ ನನಗೂ ಅವರಿಗೂ ಜಗಳ ಬಿತ್ತು.

"ಅಮ್ಮಾ, ಹತ್ತು ಸೀಸೆ ಔಷಧಿ ಕೊಡಿ. ಬದಲಿಗೆ ಕಬ್ಬಿಣ ತಂದಿದೀನಿ."

"ಬಿಲ್ಲೆ ಎಲ್ಲಿ?"

"ಬಿಲ್ಲೆ ಯಾವುದು? ನಾನು ಈ ಗುಂಪಿನ ನಾಯಕ!"

"ಸ್ಟೇಷನ್ ಮಾಸ್ತರರೂ ಹೀಗೇ ಅಂತಿದ್ರು. ಸಂಜೆ ಸೊಸೆ ಬಂದು ಹ್ಞೂಂ ಅನ್ನಲಿ, ಆಮೇಲೆ ಕೊಡ್ತೀನಿ."

ಪಾಪ, ಆಟದಲ್ಲಿ ಅಷ್ಟು ದೊಡ್ಡ ಬಿಲ್ಲುಗಾರ ಗೋಡೌನಮ್ಮನ ಮುಂದೆ ಸಂಜೆ ಆರರವರೆಗೆ ಕೈಕಟ್ಟಿ ನಿಂತಿದ್ದರು! ಮರುದಿನ ಸೊಸೆ ಬಿಲ್ಲೆಯ ಬದಲಿಗೆ ಎಲ್ಲರಿಗೂ ಒಂದೊಂದು ಗುಟ್ಟಿನ ಅಂಕಿ ಹಂಚಿದಳು. ನನ್ನ ಕೀರ್ತಿ ಆ ಕಾಡಿನ ಉದ್ದಗಲಕ್ಕೂ ಹಬ್ಬಿತು.

ಆಮೇಲೆ ಆ ಶುಕ್ರವಾರ ಬಂತು. ಮಧ್ಯಾಹ್ನ ಡಾಕ್ಟರು ಏದುಸಿರು ಬಿಡುತ್ತಾ ಬಂದರು.

"ಅಮ್ಮಾ, ಅಂಕಿ ಹದಿನೇಳು. ಇದು ನಿಲುವಂಗಿ. ಐದೂ ಜನ ಏಳು ತಿಂಗಳು ಅಲೆದು ಒಂದೊಂದೇ ಗರಿ ಕೂಡಿಸಿ ಹೊಲಿಸಿದ್ದು. ಭಾನುವಾರ ಹಿಮಸರ್ಪದ ಗುಹೆಗೆ ಹೋಗ್ತೀವಿ. ನಿಮ್ಮ ಸೊಸೆ ಇದನ್ನ ತೊಟ್ಟು ಮುಂದೆ ನಿಲ್ಬೇಕು. ಇದರ ಹತ್ತು ಹೆಜ್ಜೆ ಒಳಗಿದ್ದೋರು ಮಾತ್ರ ಮಂಜುಗಡ್ಡೆ ಆಗದೆ ಬದುಕೋದು. ಜೋಪಾನ!"

"ಮೂವತ್ತೊಂದು ವರ್ಷ..." ಎಂದು ನಾನು ಶುರು ಮಾಡುವಷ್ಟರಲ್ಲಿ ಅವರಿಗೆ ರೋಗಿ ಬಂದರು. ಹೋದರು.

ನಿಲುವಂಗಿ ಗೋಡೌನಮ್ಮನ ಕೈಯಲ್ಲಿತ್ತು. ಚೀಲ ತೆರೆದರೆ ಅದರಲ್ಲೂ ನಲವತ್ತೇ ಮನೆ, ಎಲ್ಲ ಭರ್ತಿ! ನೆಲಕ್ಕೆ ಹಾಕಿದರೆ ಸಂತೆಯಲ್ಲಿ ಹೋಗಿಬರುವವರು ಎತ್ತಿಕೊಂಡು ಹೋಗುತ್ತಾರೆ. ಆಗ ನಾನು ಸಾಮಾನು ಕೋಣೆಯಲ್ಲಿ ಮಾಡುತ್ತಿದ್ದುದನ್ನೇ ಮಾಡಿದೆ. ಗೂಟಗಳೆಲ್ಲ ತುಂಬಿದ ದಿನ ಹೊಸದಾಗಿ ಬಂದ ಕೋಟನ್ನು ನಾನು ನೆಲಕ್ಕೆ ತಾಗಿಸಿದವಳಲ್ಲ, ನಾನೇ ತೊಟ್ಟು ಕೂರುತ್ತಿದ್ದೆ. ಒಮ್ಮೆ ಮೂರು ಕೋಟು, ಮೇಲೊಂದು ರೈನ್‌ಕೋಟು ಹಾಕಿಕೊಂಡಿದ್ದಾಗ ಹೊಸ ಮಾಸ್ತರರು ನನ್ನನ್ನು ಪೈಲ್ವಾನ್ ಎಂದುಕೊಂಡು ನಮಸ್ಕಾರ ಹೊಡೆದದ್ದೂ ಉಂಟು!

ನಿಲುವಂಗಿಯನ್ನು ಎಳೆದು ಗೋಡೌನಮ್ಮನ ಹೆಗಲ ಮೇಲೆ ಬಿಟ್ಟೆ. ಪರದೆಯ ಮೇಲೆ ಏನೋ ಉದ್ದನೆಯ ಕೆಂಪು ಬರಹ ಬಂತು. ಕೆಳಗೆ ಎರಡು ಗುಂಡಿ, ಒಂದು ಕೆಂಪು, ಒಂದು ಹಸಿರು. ರೈಲ್ವೆಯಲ್ಲಿ ಬದುಕು ಸವೆಸಿದವಳಿಗೆ ಹಸಿರು ಎಂದರೆ ಹೊರಡು ಎಂದರ್ಥ. ಒತ್ತಿದೆ. ಗೋಡೌನಮ್ಮ ಬಿಳಿ ಗರಿಗಳಲ್ಲಿ ರಾಣಿಯ ಹಾಗೆ ಹೊಳೆದಳು. ಬರಿಗಾಲು ಒಂದು ಬಿಟ್ಟರೆ!

ಸಂಜೆ ಸೊಸೆ ಬಂದು ನೋಡಿದಳು. ಹೆಗಲಿನ ಬ್ಯಾಗನ್ನೂ ಇಳಿಸಲಿಲ್ಲ.

"ಅತ್ತೆ, ಇದನ್ನ ತೊಡಿಸಿಬಿಟ್ರಾ?"

"ಹ್ಞೂಂ. ಚೀಲ ತುಂಬಿತ್ತು. ಈಗ ತೆಗೆದು ಕೊಡ್ತೀನಿ, ತಡಿ."

"ತೆಗೆಯೋಕೆ ಆಗಲ್ಲ ಅತ್ತೆ! ಯಾರು ಮೊದಲು ತೊಡ್ತಾರೋ ಅದು ಅವರದ್ದೇ. ಬೇರೆಯವರಿಗೆ ಕೊಡೋ ಹಾಗಿಲ್ಲ. ಕೆಂಪಕ್ಷರದಲ್ಲಿ ಬಂದಿರುತ್ತಲ್ಲ!"

"ಕೆಂಪಗೆ ಏನೋ ಬಂತು. ಅಂದ ಚೆಂದಕ್ಕೆ ಅಂದುಕೊಂಡೆ."

"ಊರಿಗೆಲ್ಲ ಕನ್ನಡಕ ಕೊಡೋಳು ನಾನು, ನಮ್ಮನೆ ಅತ್ತೆಗೆ ಒಂದು ಕೊಡ್ಲಿಲ್ಲವಲ್ಲ!" ಎಂದು ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. ಕುರ್ಚಿಯಲ್ಲಿ ಕೂತು ಪರದೆಯನ್ನೇ ನೋಡಿದಳು. "ಏಳು ತಿಂಗಳು ಅತ್ತೆ. ನನ್ನ ಹತ್ರ ಇರಲಿ ಅಂತ ನಂಬಿ ಕೊಟ್ಟಿದ್ರು. ಅವರಿಗೆ ಯಾವ ಮುಖ ತೋರಿಸ್ಲಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

ಶನಿವಾರ ಬೆಳಗ್ಗೆ ನಾನೇ ಹೆಡ್‌ಫೋನ್ ಹಾಕಿಕೊಂಡು ಡಾಕ್ಟರಿಗೆ ಎಲ್ಲ ಒಪ್ಪಿಕೊಂಡೆ. ಅವರು ಕೇಳಿದರು. "ಅಮ್ಮಾ, ಗೋಡೌನಮ್ಮನಿಗೆ ಏನೇನು ಬರುತ್ತೆ?"

"ನಿಲ್ಲೋದು ಬರುತ್ತೆ."

"ಬೇರೆ?"

"ಕದಲದೆ ನಿಲ್ಲೋದು ಬರುತ್ತೆ."

"ಅಷ್ಟು ಸಾಕು. ನಮ್ಮ ಗುಂಪಲ್ಲಿ ಆರನೇ ಜಾಗ ಹೇಗಿದ್ರೂ ಖಾಲಿ ಇದೆ. ಭಾನುವಾರ ಮೂರು ಗಂಟೆಗೆ ಬಂದ್ಬಿಡಿ!"

ಹೀಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಯುದ್ಧಕ್ಕೆ ಹೊರಟೆ. ಐದು ವೀರರು ಸುತ್ತ ಕಾವಲು, ನಡುವೆ ಬರಿಗಾಲಿನ ಗೋಡೌನಮ್ಮ. ದಾರಿಯಲ್ಲಿ ಎರಡು ಸಲ ಹಳ್ಳಕ್ಕೆ ಬಿದ್ದೆ. ಒಂದು ಸಲ ಗೋಡೆಗೆ ಮುಖ ಮಾಡಿ ಹತ್ತು ನಿಮಿಷ ನಡೆದೆ. "ಅತ್ತೆ, ತಿರುಗಿ! ಈ ಕಡೆ! ಇನ್ನೊಂದು ಈ ಕಡೆ!" ಪಕ್ಕದ ಕುರ್ಚಿಯಲ್ಲಿ ಸೊಸೆ ಕೂಗುತ್ತಲೇ ಇದ್ದಳು.

ಗುಹೆಯಲ್ಲಿ ಹಿಮಸರ್ಪ ಬಾಯಿ ತೆರೆಯಿತು. ರೈಲು ಸುರಂಗದಷ್ಟು ಬಾಯಿ! ಎಲ್ಲರೂ ಚೀರಿದರು. ಡಾಕ್ಟರು ಮಾತ್ರ ಚೀರಲಿಲ್ಲ. ಹುಳುಕು ಹಲ್ಲು ಎಣಿಸುತ್ತಿದ್ದರೋ ಏನೋ.

"ಅತ್ತೇ, ಅಲ್ಲಾಡಬೇಡಿ!"

ನಾನು ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ಮೂಗು ತುರಿಸಿತು, ಮುಟ್ಟಲಿಲ್ಲ. ಸರ್ಪ ಊದಿತು, ಪರದೆಯೆಲ್ಲ ಬೆಳ್ಳಗಾಯಿತು. ಗೋಡೌನಮ್ಮ ನಿಂತೇ ಇದ್ದಳು. ಅವಳ ಸುತ್ತ ಐದೂ ಜನ ಬೆಚ್ಚಗಿದ್ದು ಕಡಿದೇ ಕಡಿದರು. ಇಪ್ಪತ್ತೆರಡು ನಿಮಿಷಕ್ಕೆ ಸರ್ಪ ದೊಪ್ಪನೆ ಬಿತ್ತು. ಸೊಸೆ ಕುರ್ಚಿಯಿಂದ ಹಾರಿ ನನ್ನನ್ನು ತಬ್ಬಿಕೊಂಡಾಗ ಲ್ಯಾಪ್‌ಟಾಪೂ ಬೀಳುತ್ತಿತ್ತು!

ನನ್ನ ಎದೆ ಮತ್ತೆ ಉಬ್ಬಿತು. ಗೆದ್ದವರ ಪಟ್ಟಿ ಪರದೆಯ ಮೇಲೆ ಬಂತು. ಹೆಸರಿನ ಮುಂದೆ ಯಾರ ಕೆಲಸ ಏನು ಎಂದು ನಾಯಕರು ಬರೆಯುತ್ತಾರಂತೆ. ಸೊಸೆ ಓದಿದಳು. ಅವಳದು ಕತ್ತಿ, ಡಾಕ್ಟರದು ಬಿಲ್ಲು, ಇನ್ನೊಬ್ಬರದು ಮದ್ದು.

"ನನ್ನದು?"

"ಬಿಡಿ ಅತ್ತೆ..."

"ಓದು ಅಂದ್ರೆ ಓದೇ!"

ತುಟಿ ಕಚ್ಚಿಕೊಂಡು ಓದಿದಳು. "ಗೂಟ."

ನೂರಾ ಇಪ್ಪತ್ತು ಗೂಟಗಳ ಒಡತಿಯಾಗಿದ್ದವಳು ನಾನು. ಈಗ ನೂರಾ ಇಪ್ಪತ್ತೊಂದನೆಯದೂ ನಾನೇ!

ಹೆಡ್‌ಫೋನಿನಲ್ಲಿ ಡಾಕ್ಟರ ದನಿ ಮೆತ್ತಗೆ ಬಂತು. "ಅಮ್ಮಾ, ಬರೋ ಭಾನುವಾರ ಬೆಂಕಿ ಗುಹೆ ಇದೆ. ನಿಮ್ಮನ್ನ ಕರ್ಕೊಂಡು ಹೋಗೋಕೆ ಬಿಲ್ಲೆ ತರಬೇಕಾ?"

ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹೇಳದ ಮಾತನ್ನು ಅವತ್ತು ಹೇಳಿದೆ.

"ಬೇಡ ಬಿಡಿ ಡಾಕ್ಟರೇ. ಹಾಗೇ ಬನ್ನಿ."