ಭೇದಿಯ ಕಾರಣ ಹುಡುಕುವ ಮಷಿನ್ನು

ಬಾಗಲಕೋಟೆಯ ಒಂದು ಸರಕಾರಿ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ಮಲದ ಮಾದರಿ ಹಾಕಿದರೆ, ಭೇದಿ ಯಾವ ರೋಗಾಣುವಿನಿಂದ ಬಂತೆಂದು ಅಲ್ಲಿನ ಪಿಸಿಆರ್ ಮಷಿನ್ನು ಕೆಲವೇ ತಾಸಿನಲ್ಲಿ ಹೇಳುತ್ತಿತ್ತು. ಅದು ತಪ್ಪುವುದು ಕಡಿಮೆ. ಪ್ರಸಂಗಗಳೆಲ್ಲ ನಡೆಯುತ್ತಿದ್ದದ್ದು ಅದರ ಹಿಂದೆ ಮುಂದೆ ನಿಂತ ನಮ್ಮಂಥವರಿಂದ.

೧. ಪೇಢೆ ಡಬ್ಬಿ

ಇಳಕಲ್ಲಿನ ಹಿರಿಯರೊಬ್ಬರಿಗೆ ಮಾದರಿ ತರಲು ಸಣ್ಣ ಡಬ್ಬಿ ಕೊಟ್ಟಿದ್ದೆ. ಮರುದಿನ ಪೇಢೆ ಡಬ್ಬಿ ಹಿಡಿದು ಬಂದರು. ನಾ ಕೊಟ್ಟದ್ದು ಎಲ್ಲಿ ಎಂದು ಕೇಳಿದರೆ, ಭಾಳ ಸ್ವಚ್ಛ ಇತ್ತೆಂದು ಮನೆಯವರು ಅದರಲ್ಲಿ ವಿಭೂತಿ ಇಟ್ಟುಕೊಂಡಿದ್ದಾರಂತೆ. ನಾನು ಕೈಗವಸು ಹಾಕಿಕೊಂಡು ಬರುವಷ್ಟರಲ್ಲಿ ನಮ್ಮ ಕ್ಲರ್ಕು, "ಏನ್ರಿ, ಮೊಮ್ಮಗ ಹುಟ್ಟಿದನೇನ್ರಿ?" ಎನ್ನುತ್ತ ಮುಚ್ಚಳ ತೆಗೆದಾಗಿತ್ತು.

ಈಗ ಯಾರು ಪೇಢೆ ಕೊಡಬಂದರೂ ಕ್ಲರ್ಕು ತಮಗೆ ಶುಗರ್ ಐತಿ ಎನ್ನುತ್ತಾರೆ.

೨. ಐಸ್ ಪೆಟ್ಟಿಗೆ

ಹುನಗುಂದದ ಕಡೆ ಒಂದೂರಲ್ಲಿ ಮನೆಮನೆಗೂ ವಾಂತಿ-ಭೇದಿ ಹತ್ತಿತು. ಮಾದರಿ ತರಲು ಐಸ್ ಪೆಟ್ಟಿಗೆ ಹುಡುಕಿದರೆ, ಅದು ಬಾದಾಮಿಗೆ ಹೋಗಿತ್ತು. ಅಲ್ಲಿ ನಮ್ಮ ಮೇಲಿನ ಸಾಹೇಬರ ಹೊಸ ಮನೆಯ ವಾಸ್ತುಶಾಂತಿ. ಮಾದರಿಗಳು ಪ್ಲಾಸ್ಟಿಕ್ ಚೀಲದಲ್ಲಿ ಬಸ್ಸು ಹತ್ತಿ ಬಂದವು. ಮುಚ್ಚಳ ಬಿಚ್ಚಿ, ಒಬ್ಬರದು ಇನ್ನೊಬ್ಬರದರಲ್ಲಿ ಕಲೆತು, ಎಲ್ಲ ಚೆಲ್ಲಬೇಕಾಯಿತು. ಮತ್ತೆ ತರಿಸುವಷ್ಟರಲ್ಲಿ ಆ ಊರಿನ ಇನ್ನೊಂದು ಓಣಿ ಹಾಸಿಗೆ ಹಿಡಿದಿತ್ತು.

ವಾಸ್ತುಶಾಂತಿಯ ಊಟ ಮುಗಿಸಿ ಬಂದ ಕ್ಲರ್ಕು ಹೇಳಿದರು: "ಐಸ್‌ಕ್ರೀಮ್ ಒಂಚೂರೂ ಕರಗಿರ್ಲಿಲ್ಲ ನೋಡ್ರಿ."

೩. ನೀರಡಿಕೆ

ಎರಡನೇ ಸಲ ಬಂದ ಮಾದರಿಗಳಲ್ಲಿ ಕಾಲರಾ ಸಿಕ್ಕಿತು. ಊರಿನ ಟಾಕಿಯ ನೀರಿನಲ್ಲೂ ಅದೇ. ಸಾಹೇಬರು ನನ್ನನ್ನು ಕರೆದು, ಮದುವೆ ಊಟದಿಂದ ಆದ ಅಜೀರ್ಣವೆಂದು ಬರೆಯಲು ಹೇಳಿದರು. ಮಷಿನ್ನಿಗೆ ಮದುವೆ ಊಟ ಗೊತ್ತಾಗುವುದಿಲ್ಲರಿ ಎಂದೆ.

ಮರುದಿನ ಆ ಊರಿನ ಕನ್ನಡ ಸಾಲಿಯಲ್ಲಿ ಸಭೆ. ನೀರು ಶುದ್ಧ ಐತಿ, ಯಾರೂ ಅಂಜಬ್ಯಾಡ್ರಿ ಎಂದು ಸಾಹೇಬರು ಭಾಷಣ ಮಾಡಿದರು. ಮೇಜಿನ ಮೇಲೆ ಎಲ್ಲ ಅಧಿಕಾರಿಗಳ ಮುಂದೆ ಸೀಲಿನ ನೀರಿನ ಬಾಟಲಿ, ತುದಿಯ ಕುರ್ಚಿಯಲ್ಲಿ ನಾನು. ಒಬ್ಬ ಮುದುಕಿ, ಸೊಸೆಯನ್ನು ದವಾಖಾನೆಯಲ್ಲಿ ಸಲೈನ್ ಹಚ್ಚಿಸಿ ಮಲಗಿಸಿ ಬಂದವಳು, ಎದ್ದುಹೋಗಿ ನಳದಿಂದ ತಂಬಿಗೆ ತುಂಬಿ ತಂದಳು. ಬಾಟಲಿ ಸರಿಸಿ ಸಾಹೇಬರ ಮುಂದಿಟ್ಟಳು.

"ಬಿಸಲಾಗ ಬಂದೀರಿ. ಕುಡೀರಿ ಯಪ್ಪಾ."

"ಈಗಷ್ಟ ಚಹಾ ಕುಡದೇನಬೇ. ನೀರಡಿಕಿಲ್ಲ."

ತಂಬಿಗೆ ಒಬ್ಬರಿಂದ ಒಬ್ಬರಿಗೆ ಸರಿಯಿತು. ಅಂಥ ಬಿಸಿಲಿನಲ್ಲೂ ಯಾರಿಗೂ ನೀರಡಿಕೆ ಇರಲಿಲ್ಲ. ಕೊನೆಗೆ ನನ್ನ ಮುಂದೆ ಬಂತು. ಹೆದರಿಕೆಯಿಂದ ಬಾಯಿ ಒಣಗಿತ್ತು, ಆದರೂ ಹೇಳಿದೆ: "ಇದರಾಗ ಕಾಲರಾ ಐತಿಬೇ."

ಸಂಜೆಗೇ ಟಾಕಿ ಬಂದ್ ಆಯಿತು. ಮರುವಾರ ನನ್ನ ವರ್ಗಾವಣೆಯೂ ಆಯಿತು, ಮಷಿನ್ನೇ ಇಲ್ಲದ ಊರಿಗೆ. ಆದೇಶದಲ್ಲಿ ಕಾರಣ ಬರೆದಿದ್ದರು: ಸಾರ್ವಜನಿಕರ ಆರೋಗ್ಯದ ಹಿತದೃಷ್ಟಿಯಿಂದ.